ಸಾಕ್ಷಿ ಬೇಡವೆಂದ ಸಿಸ್ಟರಮ್ಮ

ಹೈದರಾಬಾದಿನ ಕಾಚಿಗೂಡದ ನಮ್ಮ ಗಲ್ಲಿಯಲ್ಲಿ ಸಿಸ್ಟರಮ್ಮನ ಸೂಜಿ ತಾಗದ ಮೈ ಇರಲಿಲ್ಲ. ಕಿರಾಣಿ ಅಂಗಡಿಯ ಸೇಠನಿಂದ ಹಿಡಿದು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುವ ಮೂಲೆಮನೆಯಾಕೆಯವರೆಗೆ ಎಲ್ಲರೂ ಒಂದಲ್ಲ ಒಂದು ದಿನ ಅವರ ಮುಂದೆ ತೋಳು ಚಾಚಿದವರೇ, ಇಲ್ಲವೇ ಬೆನ್ನು ತಿರುಗಿಸಿ ನಿಂತವರೇ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಕೈ ಎಷ್ಟು ಹಗುರವೆಂದರೆ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದದ್ದು ಮಾತು. ಹತ್ತಿಯಿಂದ ಒರೆಸುವಾಗ ದೇವರ ಪ್ರೀತಿಯಿಂದ ಶುರು ಮಾಡಿ, ಔಷಧಿ ಒಳಗೆ ಹೋಗುವ ಹೊತ್ತಿಗೆ ಯೇಸುಸ್ವಾಮಿ ನಮಗಾಗಿ ಏನು ಮಾಡಿದ ಎಂಬಲ್ಲಿಗೆ ಬಂದು, ತಿಕ್ಕುತ್ತಾ ತಿಕ್ಕುತ್ತಾ ಐತವಾರದ ಪ್ರಾರ್ಥನೆಗೆ ಕರೆದು ಮುಗಿಸುತ್ತಿದ್ದರು. ನಡುವೆ ಎದ್ದು ಹೋಗೋಣವೆಂದರೆ ಸೂಜಿ ಇನ್ನೂ ಒಳಗಿರುತ್ತಿತ್ತು.

ಅವರ ನಿಜವಾದ ಹೆಸರು ನನಗೆ ಗೊತ್ತಾದದ್ದು ಅವರು ಹೋದ ಮೇಲೆ, ಶವಪೆಟ್ಟಿಗೆಗೆ ಅಂಟಿಸಿದ ಚೀಟಿ ನೋಡಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೇರೆ ಯಾರದೋ ಸುದ್ದಿ ಹೇಳುತ್ತಿದ್ದೇನೆ ಎಂದು ನನಗೇ ಅನ್ನಿಸುತ್ತದೆ.

ಬೀದರ ಹತ್ತಿರದ ಹಳ್ಳಿಯವರು. ಗಂಡ ರೈಲ್ವೆಯಲ್ಲಿದ್ದು ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದ ದಿನ ಅವರ ಬಾಯಲ್ಲಿ ಕನ್ನಡ ಕೇಳಿ ನಮ್ಮ ಅವ್ವನಿಗೆ ತವರಿನವರು ಸಿಕ್ಕಷ್ಟು ಹಿಗ್ಗು. ನಾವು ಹುಮನಾಬಾದಿನ ಕಡೆಯವರು, ಲಿಂಗವಂತರು. ಅವ್ವನಿಗೆ ಆಗಲೇ ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಬೇಕು. ಸಿಸ್ಟರಮ್ಮ ಮೊದಲ ದಿನವೇ ಸೂಜಿ ಹಿಡಿದು, "ಯವ್ವಾ, ನೋವು ಆಗದಂಗ ಒಂದು ವಚನ ಹೇಳಲೇನು?" ಎಂದರು.

ಅವ್ವ ಕರಗಿ ನೀರಾದಳು. ಹೈದರಾಬಾದಿನಲ್ಲಿ ವಚನ ಹೇಳುವ ನರ್ಸು. ಸಿಸ್ಟರಮ್ಮ ಹೇಳಿದರು. ಅವ್ವ ಕಣ್ಣು ಮುಚ್ಚಿ ಕೇಳಿದಳು. ಇದು ಯಾವ ಶರಣರದ್ದು ಎಂದು ನೆನಪಾಗಲಿಲ್ಲ. ತನಗೆ ವಯಸ್ಸಾಯಿತು ಅಂದುಕೊಂಡಳು. "ಐತವಾರ ಮುಂಜಾನಿ ನಮ್ಮ ಅಯ್ಯನೋರು ಇನ್ನೂ ಛಲೋ ಹೇಳತಾರ, ಬರ್ರಿ" ಎಂದು ಸಿಸ್ಟರಮ್ಮ ವಿಳಾಸವನ್ನೂ ಕೊಟ್ಟರು. ನಮ್ಮಲ್ಲಿ ಅಯ್ಯನವರು ಎಂದರೆ ಜಂಗಮರು. ಅವ್ವ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಅಯ್ಯನವರ ಪಾದಕ್ಕೆಂದು ತೆಂಗಿನಕಾಯಿ ಹಿಡಿದು ಸೈಕಲ್ ರಿಕ್ಷಾ ಹತ್ತಿದಳು. ಗೇಟಿನ ಮುಂದೆ ಇಳಿದು ತಲೆ ಎತ್ತಿದರೆ ಮೇಲೆ ಶಿಲುಬೆ. ಅದೇ ರಿಕ್ಷಾದಲ್ಲಿ ತೆಂಗಿನಕಾಯಿ ಸಮೇತ ವಾಪಸು ಬಂದಳು.

"ಮೋಸಗಾತಿ" ಎಂದು ಅವ್ವ ಎರಡು ದಿನ ತೋಳು ಕೊಡಲಿಲ್ಲ. ಸಿಸ್ಟರಮ್ಮನಿಗೆ ತಪ್ಪು ಎಲ್ಲಾಯಿತೆಂದೇ ತಿಳಿಯಲಿಲ್ಲ. ಅವರ ಕಪ್ಪು ರಟ್ಟಿನ ಪುಸ್ತಕದಲ್ಲಿ ಸಾಲುಸಾಲಿಗೂ ಅಂಕಿ ಹಾಕಿ ವಚನ ಎಂದೇ ಕರೆಯುತ್ತಾರೆ. ಅವರ ಪಾದ್ರಿಗೆ ಅಯ್ಯನವರು ಎಂದೇ ಅನ್ನುತ್ತಾರೆ. ಶಬ್ದಗಳೆಲ್ಲ ನಮ್ಮವೇ, ಮನೆ ಮಾತ್ರ ಬೇರೆ. ಮೂರನೆಯ ದಿನ ಸಕ್ಕರೆ ಏರಿ ಅವ್ವನ ತಲೆ ತಿರುಗಿತು, ತೋಳು ತಾನಾಗಿ ಮುಂದೆ ಬಂತು. ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ ವಚನಕ್ಕೆ ವಚನ ನಡೆಯಿತು. ಅವರೊಂದು ಹೇಳಿದರೆ ಇವಳೊಂದು. ಗೆದ್ದವರು ಯಾರೆಂದು ಕೇಳಿದರೆ ಇಬ್ಬರೂ ತಾವೇ ಅನ್ನುತ್ತಿದ್ದರು.

ನನ್ನ ಮೇಲೂ ಅವರ ಕಣ್ಣು ಇತ್ತು. ಸುಲ್ತಾನ್ ಬಜಾರಿನಲ್ಲಿ ನನ್ನದು ರವಿಕೆ ಬಟ್ಟೆಯ ಚಿಕ್ಕ ಅಂಗಡಿ, ಯಾವ ಸೀರೆ ತಂದರೂ ಅದಕ್ಕೆ ಹೊಂದುವ ಬಣ್ಣ ತೆಗೆದುಕೊಡುವ ಮ್ಯಾಚಿಂಗ್ ಸೆಂಟರು. ಭಾನುವಾರ ಗಿರಾಕಿ ಜಾಸ್ತಿ, ಬರಲಾಗುವುದಿಲ್ಲ ಎಂದು ತಪ್ಪಿಸಿಕೊಂಡೆ. "ನಿನ್ನ ಅಂಗಡಿ ತಗಿಯೂದು ಹನ್ನೊಂದಕ್ಕ ತಮ್ಮಾ, ನಮ್ಮ ಪ್ರಾರ್ಥನಿ ಏಳಕ್ಕ. ನಡುವ ನಾಕ ತಾಸು ಏನ ಮಾಡತಿ?" ಎಂದು ಕೇಳಿದರು. ಮಲಗಿರುತ್ತೇನೆ ಎಂದೆ. "ಅಲ್ಲೂ ಮಲಗಬಹುದು, ಭಾಳ ಮಂದಿ ಮಲಗತಾರ" ಎಂದರು.

ಕ್ರಿಸ್ಮಸ್ ಹತ್ತಿರ ಬಂದಾಗ ಸೀರೆ ಹಿಡಿದು ಅಂಗಡಿಗೆ ಬರುವರು. ಬಣ್ಣ ಹೊಂದಿಸಲು ನನಗೆ ಎರಡು ನಿಮಿಷ ಸಾಕು, ಆದರೆ ಅವರು ಒಂದು ತಾಸು ಕೂಡುವರು. ಪಕ್ಕದ ಸ್ಟೂಲಿನ ಮೇಲೆ ಕೂತ ಗಿರಾಕಿಗೆ ಒಮ್ಮೆ ಮೆತ್ತಗೆ, "ನಿಮ್ಮ ಮನ್ಯಾಗ ಶಾಂತಿ ಐತೇನ್ರಿ?" ಎಂದು ಕೇಳಿದರು.

"ಶಾಂತಿ ನಮ್ಮ ಸೊಸಿ ರೀ" ಎಂದಳು ಕಲಬುರಗಿ ಕಡೆಯ ಆ ಹೆಂಗಸು. "ತವರಮನಿಗೆ ಹೋಗ್ಯಾಳ. ಆಕಿ ಹೋದಾಗಿಂದ ಮನಿ ಭಾಳ ತಣ್ಣಗೈತ್ರಿ."

ನಾನು ಬಟ್ಟೆಯ ಥಾನಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆ. ಸಿಸ್ಟರಮ್ಮ ಸೋಲುವವರಲ್ಲ, ಆ ಸೊಸೆ ಬೇಗ ವಾಪಸು ಬರಲಿ ಎಂದು ಅಲ್ಲೇ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಆ ಹೆಂಗಸು ಮುಖ ಸಣ್ಣ ಮಾಡಿಕೊಂಡು ಎದ್ದು ಹೋದಳು.

ಎಲ್ಲರೂ ನಗುವವರೇ ಆಗಿರಲಿಲ್ಲ. ಗಲ್ಲಿಯಲ್ಲಿ ಒಬ್ಬರು, ತಲೆಗೆ ಎಷ್ಟು ಕೊಡುತ್ತಾರಮ್ಮಾ ನಿಮಗೆ ಎಂದು ಮುಖದ ಮೇಲೆ ಕೇಳಿದ್ದರು. ಸಿಸ್ಟರಮ್ಮ, "ಹಂಗ ಕೊಡೂದಿದ್ರ ಇಷ್ಟೊತ್ತಿಗೆ ನನ್ನ ಕೆಲಸದಿಂದ ತಗದಿರ್ತಿದ್ರು. ಒಂದೂ ತಲಿ ತಂದಿಲ್ಲ ನಾ" ಎಂದರು. ಕೇಳಿದವರ ಮಗನಿಗೆ ಆ ವಾರವೇ ನಾಯಿ ಕಚ್ಚಿ, ಸೂಜಿಗಳ ತಾರೀಖು ನೆನಪಿಟ್ಟು ಆಸ್ಪತ್ರೆಗೆ ಎಳೆದುಕೊಂಡು ಹೋದದ್ದೂ ಅವರೇ.

ಒಂದೂ ತಲೆ ತಂದಿಲ್ಲ ಎಂದದ್ದು ತಮಾಷೆಯಲ್ಲ. ಅದೇ ಅವರ ದೊಡ್ಡ ಕೊರಗು. ಅವರ ಕನ್ನಡದ ಸಭೆ ಚಿಕ್ಕದು, ಮೂವತ್ತು ಜನರಿದ್ದರೆ ಹೆಚ್ಚು. ಒಂಬತ್ತಕ್ಕೆ ತೆಲುಗರ ಪ್ರಾರ್ಥನೆ ಶುರುವಾಗುವ ಮೊದಲು ಅದೇ ಗುಡಿಯಲ್ಲಿ ಇವರು ಮುಗಿಸಿ ಎದ್ದುಬಿಡಬೇಕು. ಅಲ್ಲೊಂದು ಪದ್ಧತಿ. ಹೊಸಬರು ಯಾರಾದರೂ ಬಂದರೆ ಎದ್ದು ನಿಂತು ಹೆಸರು, ಊರು, ಕರೆತಂದವರು ಯಾರು ಎಂದು ಹೇಳಿ, ದೇವರು ತಮಗೆ ಮಾಡಿದ ಒಳ್ಳೆಯದನ್ನು ಎರಡು ಮಾತಿನಲ್ಲಿ ಹೇಳಬೇಕು. ಅದಕ್ಕೆ ಅವರು ಸಾಕ್ಷಿ ಹೇಳುವುದು ಎನ್ನುತ್ತಾರೆ. ಅಯ್ಯನವರು ಒಂದು ರಿಜಿಸ್ಟರಿನಲ್ಲಿ ಎಲ್ಲ ಬರೆದುಕೊಳ್ಳುತ್ತಾರೆ.

"ಎಲ್ಲಾರ ಹೆಸರೂ ಆ ಬುಕ್ಕಿನ್ಯಾಗ ಐತಿ ತಮ್ಮಾ" ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡರು. "ನನ್ನ ಹೆಸರು ಹೇಳಿ ಒಬ್ಬರೂ ಎದ್ದ ನಿಂತಿಲ್ಲ. ಅಷ್ಟ ಮಂದಿಗಿ ಸೂಜಿ ಚುಚ್ಚೀನಿ, ಒಬ್ಬರ ಮನಸ್ಸಿಗೂ ಚುಚ್ಚಿಲ್ಲ."

ನನಗೆ ಆಗ ಹೂಂ ಅನ್ನಬೇಕಿತ್ತು. ಒಂದು ಭಾನುವಾರ ಬೇಗ ಎದ್ದು ಹೋಗಿ ಬಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಚಹಾ ಕುಡಿಯಿರಿ ಎಂದು ಮಾತು ತಿರುಗಿಸಿದೆ.

ಐದಾರು ವರ್ಷದ ಹಿಂದೆ ಗಲ್ಲಿಯ ತುದಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಏಳತೊಡಗಿತು. ಕೆಲಸಕ್ಕೆ ಬಂದವರು ಯಾದಗಿರಿ ಕಡೆಯ ಹನ್ನೊಂದು ಸಂಸಾರ. ಹೊರಗೆ ತೆಲುಗು ಹಿಂದಿ ಕಲಸಿ ಮಾತಾಡಿ ಬಾಯಿ ದಣಿದಿದ್ದ ಆ ಮಂದಿಗೆ ಕನ್ನಡದ ನರ್ಸಮ್ಮ ಸಿಕ್ಕಳು. ಸಿಸ್ಟರಮ್ಮನಿಗೋ ಓಡಿಹೋಗದೆ ಮಾತು ಕೇಳುವ ಹನ್ನೊಂದು ಸಂಸಾರ ಸಿಕ್ಕಿತು. ದಿನಾ ಸಂಜೆ ಅಲ್ಲಿಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ, ಜ್ವರಕ್ಕೆ ಗುಳಿಗೆ ಕೊಟ್ಟು, ಮರಳ ಗುಡ್ಡೆಯ ಮೇಲೆ ಕೂತು ಒಂದು ಕೀರ್ತನೆ ಹಾಡಿ ಬರುತ್ತಿದ್ದರು. ಮೇಸ್ತ್ರಿ ಹಣಮಂತನ ಹೆಂಡತಿ ಭೀಮವ್ವ ಎಂಟು ತಿಂಗಳ ಬಸುರಿ. ಕಾಲು ಬಾತು, ಬಿಪಿ ಏರಿತ್ತು. ಸೋಮವಾರ ಆಸ್ಪತ್ರೆಗೆ ಸೇರಿಸಲೇಬೇಕೆಂದು ಸಿಸ್ಟರಮ್ಮ ತಮ್ಮ ಹಳೆಯ ಪರಿಚಯದವರಿಗೆಲ್ಲ ಹೇಳಿಟ್ಟಿದ್ದರು.

ಶನಿವಾರ ಸಂಜೆ ಅವರ ಬಾಯಿ ಸುಮ್ಮನಿರಲಿಲ್ಲ. "ನಾಳಿ ಮುಂಜಾನಿ ಎಲ್ಲಾರೂ ನನ್ನ ಕೂಡ ಬರ್ರಿ. ನಿಮ್ಮಾಗ ಒಬ್ಬರರ ಎದ್ದ ನಿಂತು ಸಾಕ್ಷಿ ಹೇಳ್ರಿ, ಸಾಕು" ಎಂದರು. ಹಣಮಂತ ಹೂಂನ್ರಿ ಎಂದನಂತೆ. ಸಿಸ್ಟರಮ್ಮ ಸಂಭ್ರಮದಿಂದ ಮೂರು ಆಟೋ ಗೊತ್ತು ಮಾಡಿದರು.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಮೂರು ಕಲ್ಲಿನ ಒಲೆಗಳು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ವಾಚ್‌ಮನ್ ಒಬ್ಬನೇ ಬೀಡಿ ಸೇದುತ್ತಾ ಕೂತಿದ್ದ. "ಸಾಕ್ಷ್ಯಂ ಚೆಪ್ಪಾಲನ್ನಾರಟ ಕದಮ್ಮಾ, ಅಂದರೂ ಪಾರಿಪೋಯಾರು" ಎಂದ. ನೀವು ಸಾಕ್ಷಿ ಹೇಳಬೇಕು ಎಂದಿರಂತಲ್ಲ, ಎಲ್ಲರೂ ಓಡಿಹೋದರು ಎಂದು ಅದರ ಅರ್ಥ. ಆಗಿದ್ದಿಷ್ಟು: ಆ ವಾರ ಕಟ್ಟಡದ ಕಬ್ಬಿಣದ ಸರಳು ಕಳುವಾಗಿ ಪೊಲೀಸರು ಎರಡು ಸಲ ಬಂದು ಕೆಲಸದವರನ್ನು ಕೇಳಿ ಹೋಗಿದ್ದರು. ಪರಊರಿನ ಕೂಲಿಯವರಿಗೆ ಸಾಕ್ಷಿ ಎಂದರೆ ಒಂದೇ ಅರ್ಥ, ಠಾಣೆ. ಮೂರು ಆಟೋ ಎಂದಾಗಲಂತೂ ಅವರಿಗೆ ಅನುಮಾನವೇ ಉಳಿಯಲಿಲ್ಲ. ಶಂಶಾಬಾದಿನ ಕಡೆ ಊರವರ ಕೆಲಸ ನಡೆದಿದೆಯೆಂದು ಬೆಳಕು ಹರಿಯುವ ಮೊದಲೇ ಗಂಟುಮೂಟೆ ಕಟ್ಟಿದ್ದರು ಎಂದೂ ವಾಚ್‌ಮನ್ನೇ ಹೇಳಿದ.

ಸಿಸ್ಟರಮ್ಮ ನಮ್ಮ ಬಾಗಿಲು ಬಡಿದಾಗ ನಾನು ಹೇಳಿದ ಮಾತಿಗೆ ತಪ್ಪದೆ ಮಲಗಿದ್ದೆ. ಅವರ ಮುಖ ನೋಡಿ ನಿದ್ದೆ ಹಾರಿಹೋಯಿತು. "ತಮ್ಮಾ, ಸ್ಕೂಟರ್ ತಗಿ. ಆ ಹುಡುಗಿ ಬಿಪಿ ಭಾಳ ಐತಿ. ಇಂಥಾದ್ರಾಗ ಫಿಟ್ಸ್ ಬಂತಂದ್ರ ತಾಯಿ ಕೂಸು ಎರಡೂ ಉಳಿಯೂದಿಲ್ಲ. ನನ್ನ ಒಂದು ಮಾತಿನಿಂದ ಓಡಿ ಹೋಗ್ಯಾಳ." ಪ್ರಾರ್ಥನೆಗೆ ಉಟ್ಟ ಹೊಸ ಸೀರೆಯಲ್ಲೇ ಬಿಪಿ ನೋಡುವ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಅಂದು ಅವರು ಪ್ರಾರ್ಥನೆ ತಪ್ಪಿಸಿದರು. ಅದಕ್ಕೆ ಮೊದಲು ಅವರು ತಪ್ಪಿಸಿದ್ದನ್ನು ನಾನಂತೂ ಕಂಡಿರಲಿಲ್ಲ.

ಶಂಶಾಬಾದಿನಲ್ಲಿ ಎತ್ತ ನೋಡಿದರೂ ಕಟ್ಟಡ ಏಳುತ್ತಿತ್ತು. ಹೆದ್ದಾರಿಯ ದೂಳಿನಲ್ಲಿ ಒಂದೊಂದರ ಮುಂದೂ ನಿಂತು, ಯಾದಗಿರಿ ಮಂದಿ ಬಂದಾರೇನ್ರಿ ಎಂದು ಕೇಳಿದೆವು. ಇಲ್ಲ ಎಂದರು. ಎಷ್ಟು ಬೇಗ ಇಲ್ಲ ಎಂದರೆಂದರೆ, ಇದ್ದಾರೆ ಎಂದು ನನಗೆ ಖಾತ್ರಿಯಾಯಿತು. ಪೊಲೀಸರ ಕಡೆಯ ನರ್ಸಮ್ಮ ಹುಡುಕಿಕೊಂಡು ಬರುತ್ತಾಳೆ ಎಂಬ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ನಾಲ್ಕನೆಯ ಕಟ್ಟಡದ ಮುಂದೆ ಒಣಗಿಹಾಕಿದ ಇಳಕಲ್ ಸೀರೆ ಕಂಡಿತು. ಬಟ್ಟೆಯ ವ್ಯಾಪಾರಿಯ ಕಣ್ಣು, ಸೆರಗು ನೋಡಿಯೇ ಊರು ಹೇಳುತ್ತದೆ. ಇಲ್ಲೇ ಇದ್ದಾರೆ ಎಂದೆ.

ಸಿಸ್ಟರಮ್ಮ ಸ್ಕೂಟರಿನಿಂದ ಇಳಿದು, ಗೋಡೆಯಿಲ್ಲದ ಆ ಮೂರಂತಸ್ತಿನ ಮುಂದೆ ನಿಂತು, ಬಾಯಿಗೆ ಎರಡೂ ಕೈ ಹಚ್ಚಿ ಕೂಗಿದರು.

"ಯಪ್ಪಾ, ಯಾರೂ ಸಾಕ್ಷಿ ಹೇಳೂದು ಬ್ಯಾಡ್ರಿ. ಸಾಕ್ಷೀನ ಬ್ಯಾಡ ನನಗ. ಭೀಮವ್ವನ ಬಿಪಿ ಒಂದು ನೋಡಾಕ ಕೊಡ್ರಿ."

ತಲೆಯ ಮೇಲೆ ವಿಮಾನ ಹಾದು ಮಾತು ಮುಳುಗಿತು. ಅದು ದೂರ ಹೋಗುವತನಕ ಕಾದು ಮತ್ತೆ ಅದನ್ನೇ ಕೂಗಿದರು. ಜೀವನವೆಲ್ಲ ಸಾಕ್ಷಿ ಹೇಳಿರೆಂದು ಗೋಗರೆದ ಹೆಂಗಸು, ಯಾರೂ ಸಾಕ್ಷಿ ಹೇಳಬೇಡಿರೆಂದು ನಡುಬಿಸಿಲಲ್ಲಿ ಅರಚುತ್ತಿದ್ದರು. ಮೂರನೆಯ ಸಲಕ್ಕೆ ಇಟ್ಟಿಗೆಯ ರಾಶಿಯ ಹಿಂದಿನಿಂದ ಹಣಮಂತನ ತಲೆ ಎದ್ದಿತು.

ಭೀಮವ್ವ ಸಿಮೆಂಟ್ ಚೀಲದ ಮೇಲೆ ಮಲಗಿದ್ದಳು. ತಲೆ ಸಿಡಿಯುತ್ತದೆ, ಕಣ್ಣು ಮಂಜಾಗಿದೆ ಎಂದಳು. ಸಿಸ್ಟರಮ್ಮ ಬಿಪಿ ನೋಡಿದವರೇ ಆಟೋ ತರಲು ನನ್ನನ್ನು ಓಡಿಸಿದರು. ಸಿಕ್ಕ ಆಟೋದಲ್ಲಿ ಅವಳನ್ನು ಮಡಿಲ ಮೇಲೆ ಹಾಕಿಕೊಂಡು ತಮ್ಮ ಹಳೆಯ ಆಸ್ಪತ್ರೆಗೆ ಹೊರಟರು. ಆ ದಾರಿಯಲ್ಲಿ ಅವರು ಒಂದು ವಚನವನ್ನೂ ಹೇಳಲಿಲ್ಲ. ಬಾಯಿ ಮಾತ್ರ ಒಳಗೊಳಗೇ ಏನೋ ಅನ್ನುತ್ತಿತ್ತು ಎಂದು ಜೊತೆಗಿದ್ದ ಹಣಮಂತ ಆಮೇಲೆ ಹೇಳಿದ. ಸಂಜೆಯ ಹೊತ್ತಿಗೆ ಆಪರೇಷನ್ ಆಗಿ ಹೆಣ್ಣುಕೂಸು ಬಂತು. ತಾಯಿಯೂ ಉಳಿದಳು. ಹಣಮಂತ ಖುಷಿಗೆ ಮಗಳಿಗೆ ಸಾಕ್ಷಿ ಎಂದೇ ಹೆಸರಿಡುತ್ತೇನೆ ಎಂದ. "ಬ್ಯಾಡಪ್ಪಾ. ಕೂಸಿನ್ನ ಕರದಾಗೊಮ್ಮೆ ನಿಮ್ಮ ಮಂದಿಯೆಲ್ಲ ಗಂಟು ಕಟ್ಟಿ ಓಡತಾರ" ಎಂದರು ಸಿಸ್ಟರಮ್ಮ. ಕೂಸಿಗೆ ಅಜ್ಜಿಯ ಹೆಸರಾಯಿತು.

ಅವರು ನನಗೆ ಪೂರ್ತಿ ಅರ್ಥವಾದದ್ದು ಇದಾದ ತಿಂಗಳೊಪ್ಪತ್ತಿಗೆ. ಹಣಮಂತ ಹೆಂಡತಿ, ಕೂಸು, ತನ್ನ ಮಂದಿಯ ನಾಲ್ವರು ಹಿರಿಯರನ್ನು ಕರೆದುಕೊಂಡು ಎದುರುಮನೆಗೆ ಬಂದ. ನಾನೂ ಅವ್ವನೂ ಅಲ್ಲೇ ಇದ್ದೆವು.

"ಈ ಐತವಾರ ಹನ್ನೊಂದೂ ಮನಿಯವರು ಬರ್ತೀವ್ರಿ ಯಮ್ಮಾ" ಎಂದ. "ಎಲ್ಲಾರೂ ಎದ್ದ ನಿಂತು ನಿಮ್ಮ ಹೆಸರು ಹೇಳ್ತೀವಿ. ಈಗ ಹೆದರಿಕಿಲ್ರಿ."

ಸಿಸ್ಟರಮ್ಮನ ಕಣ್ಣು ತುಂಬಿ ಬಂತು. ರಿಜಿಸ್ಟರಿನ ಒಂದು ಪುಟವೇ ಭರ್ತಿಯಾಗುತ್ತದೆ ಎಂದು ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವರು ಕೂಸಿನ ಕಾಲು ಹಿಡಿದು ಸ್ವಲ್ಪ ಹೊತ್ತು ಆಡಿಸಿದರು.

"ಬ್ಯಾಡ್ರಿ" ಎಂದರು. "ಈಗ ಬ್ಯಾಡ. ಈಗ ನೀವು ಬರೂದು ಉಪಕಾರಕ್ಕ. ಆಸ್ಪತ್ರಿಗಿ ಕರಕೊಂಡ ಹೋದೆ ಅಂತ ಬಂದ್ರ, ನಾ ಕರದಂಗ ಆಗೂದಿಲ್ಲ, ವಸೂಲಿ ಮಾಡಿದಂಗ ಆಗತೈತಿ. ಉಪಕಾರ ಮರತ ಮ್ಯಾಲ ಬರ್ರಿ. ಬಾಗಿಲಾ ತಗದ ಇರತೈತಿ."

ಹಣಮಂತನ ಮಂದಿ ಹೋದ ಮೇಲೆ ನಾನು ರೇಗಿದೆ. ಇಷ್ಟು ವರ್ಷ ಒಬ್ಬರು ಬಂದರೆ ಸಾಕು ಎಂದು ಗೋಳಾಡಿ, ಹನ್ನೊಂದು ಮನೆಯವರು ತಾವಾಗಿ ಬಂದರೆ ವಾಪಸು ಕಳಿಸುತ್ತೀರಲ್ಲ ಎಂದೆ. ಅವರು ಅಳುತ್ತಲೇ ನಕ್ಕರು. "ನನಗೂ ಹೊಟ್ಟಿ ಉರೀತದೋ ತಮ್ಮಾ. ಆದ್ರ ಸೂಜಿ ಕೈಯಾಗ ಇದ್ದಾಗ ಕರದ್ರ ಮಂದಿ ಹೂಂ ಅಂತಾರ. ಅದು ಹೂಂ ಅಲ್ಲ, ನೋವು. ನಾ ಇಷ್ಟ ವರ್ಷ ಅದನ್ನ ಮಾಡಿದ್ನಿ."

ಮರುದಿನ ಬೆಳಿಗ್ಗೆ ಬಂದು ಅವ್ವನಿಗೆ ಸೂಜಿ ಚುಚ್ಚಿ, ತಿಕ್ಕಿ, ಮಾತಿಲ್ಲದೆ ಪೆಟ್ಟಿಗೆ ಮುಚ್ಚಿದರು. ಅವ್ವ ಕಾದಳು. ಅವರು ಚಪ್ಪಲಿ ಹಾಕಿಕೊಳ್ಳುವತನಕ ಕಾದಳು.

"ಯಾಕವ್ವಾ, ಇವತ್ತ ವಚನ ಇಲ್ಲೇನು?"

"ಸೂಜಿ ಟೈಮಿಗಿ ಇನ್ನ ಇಲ್ರಿ ಯವ್ವಾ."

"ಹಂಗಾದ್ರ ಸಂಜಿಮುಂದ ಬರೇ ಕೈಲೆ ಬಾ" ಎಂದಳು ಅವ್ವ. "ನನ್ನ ಹತ್ರ ಒಂದು ಭಾರಿ ವಚನ ಐತಿ, ನಿನ್ನಿಯಿಂದ ಹೇಳಬೇಕಂತ ಕುಂತೀನಿ. ಗೆದ್ದು ಹೋಗೂ ವಿಚಾರ ಮಾಡಬ್ಯಾಡ."

ಸಂಜೆಯ ಬೈಠಕ್ ಹಾಗೆ ಶುರುವಾಯಿತು. ಕ್ರಿಸ್ಮಸ್ಸಿಗೆ ಅವರಿಂದ ತತ್ತಿ ಸೋಕದ ಬೇರೆ ಡಬ್ಬಿಯ ಕರ್ಜಿಕಾಯಿ, ನಾಗರಪಂಚಮಿಗೆ ಇವಳಿಂದ ಉಂಡಿ. ಅವ್ವನನ್ನು ಪ್ರಾರ್ಥನೆಗೆ ಕರೆಯುವುದನ್ನು ಮಾತ್ರ ಅವರು ಬಿಡಲಿಲ್ಲ. ವಾರಕ್ಕೊಮ್ಮೆ ಶನಿವಾರ, ಎರಡೂ ಕೈ ಖಾಲಿ ಇದ್ದಾಗ, ಕರೆಯುವರು. ಅವ್ವ ವಾರಕ್ಕೊಮ್ಮೆ, ಗೇಟಿನಿಂದ ತಿರುಗಿಬಂದ ಕಥೆ ತೆಗೆದು ಬೈಯುವಳು.

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಣ್ಣು ಮಾಡುವಾಗ ಇಡೀ ಗಲ್ಲಿಯೇ ಅಲ್ಲಿಗೆ ಹೋಗಿತ್ತು. ಖಾಲಾ ನನ್ನ ತೋಳು ಹಿಡಿದು, "ಅಬ್ ಹಮಾರಾ ಹಾಥ್ ಕೌನ್ ಪಕ್ಡೇಗಾ" ಎಂದು ಅತ್ತರು. ನಮ್ಮ ಕೈ ಇನ್ನು ಯಾರು ಹಿಡಿಯುತ್ತಾರೆ ಎಂದು. ನನಗೂ ಅಳು ಬಂತು.

ಆ ಶನಿವಾರ ಸಂಜೆ ಅವ್ವ ಒಬ್ಬಳೇ ಕೂತಿದ್ದಳು. ಕರೆಯುವವರಿಲ್ಲ, ಬೈಯುವುದಕ್ಕೂ ಯಾರಿಲ್ಲ. "ನಾಳಿ ಆರಕ್ಕ ಎದ್ದೇಳು. ಹೋಗೂಣು" ಎಂದಳು. ನಾನು ಹೋಗಿ ಆಟೋದವನಿಗೆ ಹೇಳಿಟ್ಟು ಬಂದೆ.

ಎಂಬತ್ತೆರಡರ ಅವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ, ಕೊರಳಲ್ಲಿ ಲಿಂಗದ ಕರಡಿಗೆಯೊಂದಿಗೆ ಆ ಗೇಟು ದಾಟಿದಳು. ಒಳಗೆ ಹಿಂದಿನ ಬೆಂಚಿನಲ್ಲಿ ಹಣಮಂತ, ಭೀಮವ್ವ ಮತ್ತು ಶಂಶಾಬಾದಿನ ಹತ್ತಾರು ಮಂದಿ ಮೊದಲೇ ಬಂದು ಕೂತಿದ್ದರು. ಹಾಡಾಯಿತು, ಸಿಸ್ಟರಮ್ಮನ ನೆನಪಿಗೆ ಪ್ರಾರ್ಥನೆಯಾಯಿತು. ಅಯ್ಯನವರು ರೂಢಿಯಂತೆ ರಿಜಿಸ್ಟರು ತೆಗೆದು, ಹೊಸಬರು ಏಳಿರಿ ಎಂದರು.

ಹಣಮಂತ ಎದ್ದ. "ಉಪಕಾರ ಮರತ ಮ್ಯಾಲ ಬರ್ರಿ ಅಂದಿದ್ರು ಯಮ್ಮಾರು. ಮರಿಯಾಕ ಆಗಲಿಲ್ರಿ. ತಪ್ಪಾತು" ಎಂದು ಹೇಳಿ ಕೂತುಬಿಟ್ಟ.

ನಾನು ಅವ್ವನನ್ನು ಹಿಡಿದು ಎಬ್ಬಿಸಿದೆ. ಹೆಸರು ಹೇಳಿದಳು, ಊರು ಹೇಳಿದಳು. ಯಾರು ಕರೆದುಕೊಂಡು ಬಂದರಮ್ಮಾ ಎಂದರು ಅಯ್ಯನವರು. ಅವ್ವನಿಗೆ ಕಿವಿ ಮಂದ.

"ಆಟೋದಾಗ ಬಂದೆವ್ರಿ."

ಸಭೆ ನಕ್ಕಿತು. ಅಯ್ಯನವರು ಹತ್ತಿರ ಬಂದು, ನಿಮ್ಮನ್ನು ಕರೆದವರು ಯಾರು ಎಂದು ಕಿವಿಯ ಹತ್ತಿರ ಕೇಳಿದರು.

"ಕರದಾಕಿ ಹೋದ್ಲಲ್ರಿ" ಎಂದಳು ಅವ್ವ. "ಇಪ್ಪತ್ತ ವರ್ಷ ಕರದ್ಲು. ಒಮ್ಮೆ ಗೇಟಿನ ತನಕಾ ಬಂದು ಹೊಳ್ಳಿ ಹೋಗಿದ್ನಿ. ಇವತ್ತ ಒಳಗ ಬಂದೀನಿ, ನೋಡಾಕ ಆಕೀನ ಇಲ್ಲ."

ಅಯ್ಯನವರು ತಲೆ ತಗ್ಗಿಸಿ, ಕರೆತಂದವರ ಹೆಸರಿನ ಜಾಗದಲ್ಲಿ ಬರೆಯತೊಡಗಿದರು. ಏನು ಬರೆದಿರಿ ಎಂದು ಅವ್ವ ಕೇಳಿದಳು. ಅವರು ಶವಪೆಟ್ಟಿಗೆಯ ಚೀಟಿಯ ಮೇಲಿದ್ದ ಆ ಹೆಸರು ಓದಿದರು. ಅವ್ವ ತಲೆ ಅಲ್ಲಾಡಿಸಿದಳು.

"ಆಕಿ ಯಾರೋ ನನಗ ಗೊತ್ತಿಲ್ರಿ. ನನ್ನ ಕರದಾಕಿ ಸಿಸ್ಟರಮ್ಮ. ಅದನ್ನ ಬರೀರಿ."

ಅಯ್ಯನವರು ಆ ಹೆಸರನ್ನು ಹೊಡೆದುಹಾಕಿ ಸಿಸ್ಟರಮ್ಮ ಎಂದು ಬರೆದರು. ಕೆಳಗೆ ನನ್ನ ಹೆಸರಿನ ಮುಂದೆಯೂ, ಹಣಮಂತನ ಮುಂದೆಯೂ, ಅವನ ಮಂದಿಯೆಲ್ಲರ ಮುಂದೆಯೂ ಅದನ್ನೇ ಬರೆದರು.